ಸಾಕುಹಾವಿನ ಗೂಡಿಗೆ ಮರದ ಹೊಟ್ಟು ಬೇಡ

ಮಾನ್ಯ ಸಂಪಾದಕರೆ,

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ, ವಿಷವಿಲ್ಲದ, ಹೆದರಿದಾಗ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಅಡಗಿಸಿಕೊಳ್ಳುವ ಈ ಹಾವನ್ನು ನನ್ನ ಮಗಳು ಸಾಕುತ್ತಿದ್ದಾಳೆ. ವಿದೇಶಿ ಪ್ರಾಣಿಗಳನ್ನು ಸಾಕುವವರಿಗೆ 2024ರಲ್ಲಿ ಬಂದ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿಯೂ ಆಗಿದೆ. ಹಾವು ಎಂದ ಕೂಡಲೇ ಅನುಮಾನ ಏಳುವುದು ಸಹಜವಾದ್ದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ. ನಾಗರ, ಕೇರೆ, ಮಣ್ಣುಮುಕ್ಕ, ನಮ್ಮ ಕಾಡಿನ ಹೆಬ್ಬಾವು ಮುಂತಾದ ಈ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಅದು ಅಪರಾಧವಾಗಿಯೇ ಇರಬೇಕು. ನಾನು ಬರೆಯುತ್ತಿರುವುದು ಕಾನೂನಿನ ಒಳಗೆ ಸಾಕುತ್ತಿರುವ ವಿದೇಶಿ ಹಾವುಗಳ ಗೂಡಿಗೆ ಏನನ್ನು ಹಾಸಬೇಕು ಎಂಬುದರ ಬಗ್ಗೆ ಮಾತ್ರ.

ಎರಡು ವರ್ಷದ ಹಿಂದೆ ಹಾವಿಗೆ ದೊಡ್ಡ ಗೂಡು ಮಾಡಿಸಿದಾಗ, ಸಾಕುಪ್ರಾಣಿ ಸಾಮಗ್ರಿಯ ಅಂಗಡಿಯೊಂದರಲ್ಲಿ ಒಂದು ಚೀಲ ಮರದ ಹೊಟ್ಟು ಕೊಟ್ಟು, ಎಲ್ಲರೂ ಇದನ್ನೇ ಹಾಕುತ್ತಾರೆ ಎಂದರು. ಚೀಲದ ಮೇಲೆ ಯಾವ ಮರದ್ದೆಂದು ಬರೆದಿರಲಿಲ್ಲ. ಚೀಲದ ಬಾಯಿ ಬಿಚ್ಚಿದಾಗ ಹೊಸ ಪೀಠೋಪಕರಣದ ಅಂಗಡಿಗೆ ಹೊಕ್ಕಂತಹ ಘಾಟು ಬಂತು. ನಮಗೆ ಅದು ಒಳ್ಳೆಯ ವಾಸನೆ ಎಂದೇ ಅನಿಸಿತು. ಮೂರು ವಾರ ಕಳೆದ ಮೇಲೆ ಒಂದು ರಾತ್ರಿ ಗೂಡಿನಿಂದ ಸಣ್ಣಗೆ ಶಿಳ್ಳೆ ಹಾಕಿದಂತಹ ಸದ್ದು ಕೇಳಿಸಿತು. ಟಾರ್ಚ್ ಹಿಡಿದು ನೋಡಿದರೆ ಹಾವು ಕತ್ತನ್ನು ಗಾಜಿಗೆ ಆನಿಸಿ ಮೇಲೆತ್ತಿ, ಬಾಯಿಯನ್ನು ಅರೆ ತೆರೆದು ಉಸಿರಾಡುತ್ತಿತ್ತು, ಒಂದು ಮೂಗಿನ ಹೊಳ್ಳೆಯಲ್ಲಿ ನೊರೆಯ ಗುಳ್ಳೆ ಉಬ್ಬಿ ಇಳಿಯುತ್ತಿತ್ತು. ಪಶುವೈದ್ಯರು ಉಸಿರಾಟದ ಸೋಂಕು ಎಂದರು, ವಾರಗಟ್ಟಲೆ ಚುಚ್ಚುಮದ್ದು ಕೊಟ್ಟರು. ಹೊಟ್ಟಿನಿಂದಲೇ ಹೀಗಾಯಿತು ಎಂದು ಅವರು ಖಚಿತವಾಗಿ ಹೇಳಲಿಲ್ಲ. ಆದರೆ ಮೊದಲು ಅದನ್ನು ತೆಗೆದುಹಾಕಿ ಎಂದರು.

ಹಾವಿಗೆ ನಮ್ಮ ಹಾಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟದ ಸ್ನಾಯು) ಇಲ್ಲ, ಜೋರಾಗಿ ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿಯೂ ಇಲ್ಲ. ಅದರ ಹೊಟ್ಟೆಯೂ ಮೂಗೂ ಹಗಲು ರಾತ್ರಿ ಹಾಸಿಗೇ ಅಂಟಿಕೊಂಡಿರುತ್ತವೆ. ದೇವದಾರು, ಪೈನ್ ಮುಂತಾದ ಘಾಟಿನ ಮರಗಳ ಎಣ್ಣೆ ಮುಚ್ಚಿದ, ಬಿಸಿಯಾದ ಗೂಡಿನಲ್ಲಿ ಆವಿಯಾಗಿ ಶ್ವಾಸನಾಳವನ್ನು ಕೆರಳಿಸುತ್ತದೆ; ದೇವದಾರನ್ನಂತೂ ಸರೀಸೃಪಗಳ ಹತ್ತಿರವೂ ತರಬಾರದು. ಸಾ ಮಿಲ್‌ನ ಹೊಟ್ಟಿನಲ್ಲಿ ತೇಗ, ಹೊನ್ನೆ, ಬೇವು, ಆಮದು ಪೈನ್, ಅಂಟು ಹಾಕಿದ ಪ್ಲೈವುಡ್ ಎಲ್ಲವೂ ಬೆರೆತಿರಬಹುದು, ಬೇರ್ಪಡಿಸಿ ಹೇಳುವವರು ಯಾರೂ ಇಲ್ಲ. ವಿದೇಶದಲ್ಲಿ ಕಾರ್ನ್ ಸ್ನೇಕ್ ಎಂಬ ಇನ್ನೊಂದು ಸಾಕುಹಾವನ್ನು ಇಟ್ಟುಕೊಂಡವರು ಆಸ್ಪೆನ್ ಎಂಬ ಮರದ ಚೂರನ್ನು ಬಳಸುತ್ತಾರೆ, ಅದರಲ್ಲಿ ಘಾಟಿಲ್ಲ. ಆದರೆ ಇಲ್ಲಿಗೆ ಅದು ಆಮದಾಗಿ ಬರಬೇಕು, ಬೆಲೆ ಕೈಗೆಟುಕುವುದಿಲ್ಲ. ಮೇಲಾಗಿ ಬಾಲ್ ಪೈಥಾನ್‌ಗೆ ಬೇಕಾದಷ್ಟು ತೇವ ಇಟ್ಟರೆ ಅದು ಬೂಷ್ಟು ಹಿಡಿಯುತ್ತದೆ.

ಮರಳನ್ನೂ ಹಾಕಬಾರದು. ಆಹಾರದ ಜೊತೆ ಒಳಗೆ ಹೋದ ಮರಳು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು.

ಹಾಗಾದರೆ ಅಗ್ಗವಾಗಿ, ಅಪಾಯವಿಲ್ಲದೆ ಏನನ್ನು ಹಾಸಬೇಕು? ಹೊಸದಾಗಿ ತಂದ ಹಾವಿಗೂ ಕಾಯಿಲೆ ಬಿದ್ದ ಹಾವಿಗೂ ಅಚ್ಚಾಗದ ಬಿಳಿ ಕಾಗದಕ್ಕಿಂತ ಒಳ್ಳೆಯದು ಇಲ್ಲ ಎಂಬುದು ನನ್ನ ಅನುಭವ. ನಮ್ಮ ಹಾವಿಗೆ ಚಿಕಿತ್ಸೆ ನಡೆದ ಅಷ್ಟೂ ದಿನ ಅಡುಗೆಮನೆಯ ಟಿಶ್ಯೂ ರೋಲ್ ಹಾಸಿದ್ದೆವು. ಬಿಳಿ ಕಾಗದದ ಮೇಲೆ ಎಲ್ಲವೂ ಕಾಣುತ್ತದೆ: ಹಿಕ್ಕೆಯ ಜೊತೆ ಬೀಳುವ ಬಿಳಿಯ ಸುಣ್ಣದಂತಹ ಮೂತ್ರ ಮೆತ್ತಗಿದೆಯೋ ಒಣಗಿ ಗಟ್ಟಿಯಾಗಿದೆಯೋ, ರಕ್ತ ಹೀರುವ ಉಣ್ಣಿಯಂತಹ ಕರಿಯ ಚುಕ್ಕೆಗಳು ಓಡಾಡುತ್ತಿವೆಯೋ ಇಲ್ಲವೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೊಟ್ಟಿನೊಳಗೆ ಇಂಥ ಉಣ್ಣಿ ನೂರಿದ್ದರೂ ಗೊತ್ತಾಗುವುದಿಲ್ಲ. ಒದ್ದೆಯಾದ ಹಾಳೆಯನ್ನು ಎತ್ತಿ ಬಿಸಾಡಿ ಬೇರೆಯದನ್ನು ಹಾಸಿದರೆ ಕೆಲಸ ಮುಗಿಯಿತು. ಹಳೆಯ ದಿನಪತ್ರಿಕೆಯನ್ನು ಎಷ್ಟೋ ಜನ ಬಳಸುತ್ತಾರೆ, ದೊಡ್ಡ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಆದರೂ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿಕೊಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ತೇವದಲ್ಲಿ ಮಸಿ ಹಾವಿನ ಹೊಟ್ಟೆಗೆ ಹತ್ತುವುದನ್ನು ನೋಡಿದ ಮೇಲೆ ನನಗೆ ಅದನ್ನು ಹಾಸಲು ಮನಸ್ಸು ಬರುವುದಿಲ್ಲ.

ಆರೋಗ್ಯವಾಗಿರುವ ಹಾವಿಗೆ ಕಾಗದದಲ್ಲಿ ತೇವ ನಿಲ್ಲುವುದಿಲ್ಲ ಎಂಬುದು ಮಾತ್ರ ನಿಜವಾದ ಕೊರತೆ. ಬಾಲ್ ಪೈಥಾನ್ ತನ್ನ ನಾಡಿನಲ್ಲಿ ಇಲಿಯ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ ಹಗಲು ಕಳೆಯುವ ಜೀವಿ. ಮಾರ್ಚ್ ಏಪ್ರಿಲ್‌ನ ನಮ್ಮ ಒಣ ಗಾಳಿಯಲ್ಲಿ ಅದು ಪೊರೆ ಬಿಡುವಾಗ, ಇಡೀ ಚೀಲದಂತೆ ಕಳಚಬೇಕಾದ ಪೊರೆ ಚೂರುಚೂರಾಗಿ ಹರಿದು ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಉಳಿದುಬಿಡುತ್ತದೆ. ಇದಕ್ಕೆ ಪರಿಹಾರ ನಮ್ಮ ಜಿಲ್ಲೆಗಳಲ್ಲಿಯೇ ರಾಶಿರಾಶಿ ಸಿಗುತ್ತದೆ. ತಿಪಟೂರು, ಅರಸೀಕೆರೆ ಸುತ್ತ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕೋಕೋಪೀಟ್ ಮತ್ತು ಸಿಪ್ಪೆಯನ್ನೇ ಕತ್ತರಿಸಿದ ಚೂರು ಎರಡೂ ಬಾಲ್ ಪೈಥಾನ್‌ಗೆ ಒಗ್ಗುವ ಹಾಸು. ಕೋಕೋಪೀಟ್ ಒತ್ತಿ ಮಾಡಿದ ಐದು ಕಿಲೋದ ಒಂದು ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದರೆ ಬಕೆಟ್‌ಗಟ್ಟಲೆ ಉಬ್ಬುತ್ತದೆ. ನಮ್ಮ ಗೂಡಿಗೆ ಒಂದು ಇಟ್ಟಿಗೆ ನಾಲ್ಕೈದು ತಿಂಗಳು ಸಾಲುತ್ತದೆ. ಗಿಡಗಳಿಗೆ ಬೇಕಾದ್ದನ್ನು ಮಾರುವ ಮಳಿಗೆಯಲ್ಲಿ ಕೊಂಡರೆ ಇನ್ನೂ ಅಗ್ಗ. ಆದರೆ ಗೊಬ್ಬರ ಬೆರೆಸಿದ ಚೀಲವನ್ನು ತರಬಾರದು. ಕೋಕೋಪೀಟ್‌ನಲ್ಲಿ ಉಪ್ಪು ಉಳಿದಿರುವುದು ಸಾಮಾನ್ಯವಾದ್ದರಿಂದ, ತೊಳೆದದ್ದು ಎಂದು ಬರೆದಿದ್ದರೂ ನಾವು ಎರಡು ಸಲ ನೀರಿನಲ್ಲಿ ನೆನೆಸಿ, ಹಳೆಯ ಪಂಚೆಯಲ್ಲಿ ಕಟ್ಟಿ ಹಿಂಡಿ, ಬಿಸಿಲಿಗೆ ಹರಡುತ್ತೇವೆ. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಅದಕ್ಕಿಂತ ಒದ್ದೆಯಾದರೆ ಹೊಟ್ಟೆಯ ಹುರುಪೆಗಳು ಕೆಂಪಾಗಿ ಕೊಳೆಯತೊಡಗುತ್ತವೆ, ಪೂರಾ ಒಣಗಿದರೆ ಧೂಳೆದ್ದು ಮೂಗಿಗೆ ಹೋಗುತ್ತದೆ. ಮಳೆಗಾಲದಲ್ಲಿ ನೀರು ಚಿಮುಕಿಸುವುದನ್ನೇ ನಿಲ್ಲಿಸುತ್ತೇವೆ. ಎರಡು ಮೂರು ಅಂಗುಲ ದಪ್ಪ ಹಾಸಿ, ಆಹಾರ ಕೊಡುವ ಹೊತ್ತಿಗೆ ಅಗಲವಾದ ಹೆಂಚಿನ ತುಂಡೊಂದನ್ನು ಮೇಲಿಟ್ಟರೆ ಪುಡಿ ಬಾಯಿಗೆ ಹೋಗುವುದೂ ತಪ್ಪುತ್ತದೆ. ಕಾರ್ನ್ ಸ್ನೇಕ್‌ಗೆ ಇಷ್ಟು ತೇವ ಬೇಡ. ಅದಕ್ಕೆ ಒಣಗಿದ ಸಿಪ್ಪೆಯ ಚೂರು ಹಾಕಿ, ಪೊರೆ ಬಿಡುವ ಸಮಯಕ್ಕೆ ಒಂದು ಡಬ್ಬಿಯಲ್ಲಿ ತೇವದ ಪಾಚಿ (ಸ್ಫ್ಯಾಗ್ನಮ್ ಮಾಸ್) ಇಟ್ಟರೆ ಸಾಕು.

ಹಾಸಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಗೂಡು ತೊಳೆಯಲು ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಫಿನಾಯಿಲ್ ಬಾಟಲಿಗೆ. ಬಿಳಿ ಫಿನಾಯಿಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಪೈನ್ ಎಣ್ಣೆ. ಹೊಟ್ಟನ್ನು ತೆಗೆದುಹಾಕಿ ಫಿನಾಯಿಲ್ ಹಾಕಿ ಒರೆಸಿದರೆ ಅದೇ ಘಾಟನ್ನು ಬೇರೆ ದಾರಿಯಿಂದ ಒಳಗೆ ಬಿಟ್ಟಂತೆಯೇ. ಹಾವನ್ನು ಬೇರೆ ಡಬ್ಬಿಗೆ ವರ್ಗಾಯಿಸಿ, ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸಿ, ಹತ್ತು ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಿನಲ್ಲಿ ಒಣಗಿಸುವುದು ಒಳ್ಳೆಯದು.

ಸಾಕುಪ್ರಾಣಿ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಯಾವ ಮರದ್ದೆಂದು ಹೇಳಲಾಗದ ಹೊಟ್ಟನ್ನು ಹಾವು, ಹಲ್ಲಿ, ಮೊಲ ಸಾಕುವವರಿಗೆ ದಯವಿಟ್ಟು ಮಾರಬೇಡಿ. ತಮ್ಮಲ್ಲಿಯೂ ಒಂದು ವಿನಂತಿ ಇದೆ. ಪತ್ರಿಕೆ ಮುದ್ರಿಸುವ ಕಡೆಯೆಲ್ಲ ರೀಲಿನ ಕೊನೆಯಲ್ಲಿ ಅಚ್ಚಾಗದ ಬಿಳಿ ಕಾಗದ ಒಂದಿಷ್ಟು ಉಳಿಯುತ್ತದೆ. ಮಸಿ ತಾಗದ ಆ ಕಾಗದ ಹಾವಿಗೆ ಮಾತ್ರವಲ್ಲ, ಪಕ್ಷಿ ಮತ್ತು ಮೊಲಗಳ ಗೂಡಿಗೂ ಹೇಳಿ ಮಾಡಿಸಿದ ಹಾಸು. ರದ್ದಿಗೆ ಹಾಕುವ ಮೊದಲು ಅದನ್ನು ತೂಕದ ಲೆಕ್ಕದಲ್ಲಿ ನಮ್ಮಂಥವರಿಗೆ ಕೊಡಲು ತಮ್ಮ ಮುದ್ರಣಾಲಯದಲ್ಲಿ ಸಾಧ್ಯವಿದ್ದರೆ, ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕೆಂದು ಇದೇ ಅಂಕಣದಲ್ಲಿ ಎರಡು ಸಾಲು ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಮೈಸೂರು