ಭಾನುವಾರ ಮೇಪಲ್ ಫಡ್ಜ್: ಬರೋರು ಹೆಸ್ರು ಹಾಕ್ರಿ

ಎಲ್ರಿಗೂ ನಮಸ್ಕಾರ ರೀ. ಈ ಭಾನುವಾರ ಮಧ್ಯಾಹ್ನ 3ಕ್ಕೆ ದಾವಣಗೆರೆ ಪಿ.ಜೆ. ಬಡಾವಣೆ ನಮ್ಮನೇಲಿ ಮೇಪಲ್ ಫಡ್ಜ್ ಮಾಡೋಣ, ಅಂದ್ರೆ ಮೇಪಲ್ ಮರದ ಸಿಹಿ ಸಿರಪ್‌ಗೆ ಕ್ರೀಮ್, ಬೆಣ್ಣೆ ಹಾಕಿ ಮಾಡೋ ಮೆತ್ತನೆ ಮಿಠಾಯಿ. ಸಿರಪ್ ನನ್ ತಮ್ಮ ಕೆನಡಾದಿಂದ ತಂದಿದ್ದು, ಸುಮಾರು 40 ಲೀಟರ್ ಮರದ ರಸ ಕುದಿಸಿದ್ರೆ 1 ಲೀಟರ್ ಸಿಗೋದು, ಹಂಗಾಗಿ ಒಂದ್ ಹನಿನೂ ದಂಡ ಆಗ್ಬಾರ್ದು.

ಕ್ರೀಮ್ ನಾನೇ ತರ್ತೀನಿ. ನೀವು ಉಪ್ಪಿಲ್ಲದ ಬೆಣ್ಣೆ ಸ್ವಲ್ಪ ತರ್ರಿ, ನಮ್ಮೂರ ದೋಸೆಗೆ ಹಾಕೋ ಬಿಳಿ ಬೆಣ್ಣೆನೇ ಆಗುತ್ತೆ. ದಪ್ಪ ತಳದ ಎತ್ತರದ ಪಾತ್ರೆ ಇದ್ದೋರು ಮರೀಬೇಡ್ರಿ, ಕ್ರೀಮ್ ಬಿದ್ಮೇಲೆ ಪಾಕ ಉಕ್ಕಿ ಬರುತ್ತೆ.

ಪಾಕದ ಹದನೇ ಮುಖ್ಯ ನೋಡ್ರಿ, 114 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರ್ ಇಲ್ದಿದ್ರೆ ತಣ್ಣೀರಿಗೆ ಒಂದ್ ತೊಟ್ಟು ಬಿಟ್ರೆ ಮೆತ್ತಗೆ ಉಂಡೆ ಕಟ್ಬೇಕು, ಅದುಮಿದ್ರೆ ಚಪ್ಪಟೆ ಆಗ್ಬೇಕು. ಇಳಿಸಿದ್ಮೇಲೆ ಉಗುರುಬೆಚ್ಚಗೆ ಆಗೋವರ್ಗೂ ಯಾರೂ ಸೌಟು ಹಾಕ್ಬೇಡ್ರಿ, ಬಿಸಿ ಇದ್ದಾಗ ತಿರುವಿದ್ರೆ ಸಕ್ಕರೆ ದಪ್ಪ ಹರಳಾಗಿ ಬಾಯಲ್ಲಿ ಮರಳುಮರಳು ಅನ್ಸುತ್ತೆ. ಆಮೇಲೆ ಹೊಳಪು ಹೋಗೋವರ್ಗೂ ಒಂದೇ ಸಮ ತಿರುವೋದು, ಕೈ ಸೋಲುತ್ತೆ, ಜನ ಬೇಕೇ ಬೇಕು.

ಬಿಸಿ ಪಾಕ ಇರುತ್ತೆ, ಸಣ್ಣ ಮಕ್ಳನ್ನ ಒಲೆ ಹತ್ರ ಬಿಡೋದು ಬೇಡ. ಫಡ್ಜ್ ಒಯ್ಯೋಕೆ ಡಬ್ಬಿ ತರ್ರಿ. ಎಷ್ಟ್ ಜನ ಬರ್ತೀರಿ ಅಂತ ಶುಕ್ರವಾರ ರಾತ್ರಿಯೊಳ್ಗೆ ಇಲ್ಲೇ ಹೇಳ್ರಿ.