ಚಳಿಗಾಲದ ಗಾಲಿ ಎಂದು ಮಾರಿ, ಇಬ್ಬನಿ ತಾಗಿದೆ ಎಂದು ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು,
ಸೈಕಲ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ

ಇಂದ:
ವಿಜಯಪುರದ ನಿಮ್ಮ ಗ್ರಾಹಕ
(ಹೆಸರು, ವಿಳಾಸ, ಆರ್ಡರ್ ಸಂಖ್ಯೆ ಲಗತ್ತಿಸಿದ ಬಿಲ್ಲಿನಲ್ಲಿವೆ)

ವಿಷಯ: ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಬೇರೆಯೇ ಗಾಲಿ ಕಳುಹಿಸಿದ್ದು, ಹಣ ಮರಳಿಸುವ ಕುರಿತು.

ಮಾನ್ಯರೇ,

ನನ್ನ ಮಗಳ ರೋಡ್ ಬೈಕಿಗೆಂದು ನವೆಂಬರ್ ಮೊದಲ ವಾರದಲ್ಲಿ ನಿಮ್ಮಿಂದ ₹13,800ಕ್ಕೆ ಒಂದು ಜೊತೆ ಅಲಾಯ್ ಗಾಲಿ ತರಿಸಿಕೊಂಡೆ. ನೀವು ಅದಕ್ಕೆ ಇಟ್ಟ ಹೆಸರೇ 'ವಿಂಟರ್ ಟ್ರೇನಿಂಗ್ ವ್ಹೀಲ್‌ಸೆಟ್'. ಮಳೆ, ಕೆಸರು, ಹಿಮ, ಉಪ್ಪು ಎಲ್ಲವನ್ನೂ ತಾಳುತ್ತದೆ ಎಂದು ಕೆಳಗೆ ಬರೆದಿದ್ದಿರಿ. ಜನವರಿ ಮುಗಿಯುವುದರೊಳಗೆ ಹಿಂದಿನ ಹಬ್, ಅಂದರೆ ಗಾಲಿಯ ನಟ್ಟನಡುವಿನ ತಿರುಗುವ ಭಾಗ, ಗರಗರ ಸದ್ದು ಮಾಡತೊಡಗಿತು, ಕಡ್ಡಿಯೂ (ಸ್ಪೋಕ್) ಮುರಿಯಿತು. ವಾರಂಟಿ ಕೇಳಿದರೆ, 'ಹಬ್‌ನೊಳಗೆ ತೇವ ಮತ್ತು ಮಣ್ಣು ಸೇರಿದೆ, ಇದು ವಾರಂಟಿಗೆ ಒಳಪಡುವುದಿಲ್ಲ' ಎಂದು ಉತ್ತರ ಬಂತು. ಚಳಿಗಾಲಕ್ಕೆಂದೇ ಮಾರಿದ ಗಾಲಿಗೆ ಚಳಿಗಾಲದ ತೇವ ತಾಗಿದ್ದು ಗ್ರಾಹಕರ ತಪ್ಪು ಹೇಗಾಗುತ್ತದೆ ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ಇಲ್ಲಿನ ಚಳಿಗಾಲ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಜಯಪುರದಲ್ಲಿ ಹಿಮ ಬೀಳುವುದಿಲ್ಲ, ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಕೆಲವು ದಿನ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿದು ಇಬ್ಬನಿ ಬೀಳುತ್ತದೆ. ಅದೇ ಹೊತ್ತಿಗೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ಟೈರಿಗೆ ಮೆತ್ತಿಕೊಂಡು ಡಾಂಬರಿಗೆ ಏರುತ್ತವೆ. ಹಗಲಲ್ಲಿ ಅದು ಧೂಳು. ಬೆಳಗಿನ ಜಾವ ಇಬ್ಬನಿಗೆ ನೆನೆದು ತೇಯ್ದ ಗಂಧದ ಹಾಗೆ ರಸ್ತೆಗೆ ಅಂಟಿಕೊಂಡಿರುತ್ತದೆ. ಬಬಲೇಶ್ವರದ ದಾರಿಯಲ್ಲಾಗಲಿ, ತಿಕೋಟಾ ಕಡೆಗಾಗಲಿ, ಕೊಲ್ಹಾರದತ್ತ ಹೋಗುವ 52ನೇ ಹೆದ್ದಾರಿಯ ಅಂಚಿನಲ್ಲಾಗಲಿ ಸೈಕಲ್ ಹೊಡೆದು ಬಂದರೆ ರಿಮ್ಮು, ಬ್ರೇಕು, ಹಬ್ಬು ಎಲ್ಲಕ್ಕೂ ಅದೇ ಮಣ್ಣು ಬಳಿದಿರುತ್ತದೆ. ಹಾಗೆಂದು ಈ ತಿಂಗಳುಗಳನ್ನು ಬಿಡುವಂತಿಲ್ಲ. ಮಾರ್ಚ್ ಬಂತೆಂದರೆ ಬಿಸಿಲು ಏರಿಬಿಡುತ್ತದೆ. ನಮ್ಮ ಮಕ್ಕಳಿಗೆ ಉದ್ದದ ಅಭ್ಯಾಸಕ್ಕೆ ಸಿಗುವುದೇ ಈ ಚಳಿಯ ಬೆಳಗುಗಳು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಎಷ್ಟೋ ವರ್ಷಗಳಿಂದ ರಾಜ್ಯಕ್ಕೆ, ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುತ್ತಾ ಬಂದಿವೆ. ಅವರಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ, ಸಣ್ಣ ಅಂಗಡಿಯವರ ಮಕ್ಕಳು. ನನ್ನದೂ ಸಣ್ಣ ಕಿರಾಣಿ ಅಂಗಡಿ. ಮಗಳ ಬಳಿ ಸ್ಪರ್ಧೆಗೆಂದು ಒಂದು ಜೊತೆ ಕಾರ್ಬನ್ ಗಾಲಿ ಇದೆ, ಅದನ್ನು ಬಂಧುಬಳಗದ ನೆರವಿನಿಂದ ಕೊಂಡದ್ದು. ಮಣ್ಣು ಮೆತ್ತಿದ ಬ್ರೇಕ್ ರಬ್ಬರು ಕಾರ್ಬನ್ ರಿಮ್ಮನ್ನು ಉಜ್ಜಿ ಹಾಳು ಮಾಡುತ್ತದೆ. ಹಾಗಾಗಿ ಅದನ್ನು ಬಿಚ್ಚಿಟ್ಟು, ಚಳಿಗಾಲ ಪೂರ್ತಿ ದುಡಿಯುವ ಗಟ್ಟಿ ಅಲಾಯ್ ಗಾಲಿ ಹಾಕುವುದೆಂದು ತೀರ್ಮಾನಿಸಿದೆವು. ಹಿಮ ಬೀಳುವ ದೇಶಗಳ ಸವಾರರೂ ಇದನ್ನೇ ಮಾಡುತ್ತಾರೆ. ಅಲ್ಲಿ ಲೋಹವನ್ನು ತಿನ್ನುವುದು ಉಪ್ಪು, ಇಲ್ಲಿ ತೇಯುವುದು ಎರೆಮಣ್ಣು. ಎರಡಕ್ಕೂ ಬೇಕಾದ ಗಾಲಿ ಹೆಚ್ಚುಕಡಿಮೆ ಒಂದೇ ಬಗೆಯದು.

ಕಡಿಮೆ ಬೆಲೆಯ ಗಾಲಿ ಆರಿಸುವವರು ಬಣ್ಣ ನೋಡಿ ಕೊಳ್ಳುತ್ತಾರೆ ಎಂದು ನೀವು ತಿಳಿದಂತಿದೆ. ನಾವು ಒಂದೊಂದೇ ಅಂಶ ನೋಡಿ ಆರಿಸಿದ್ದು. ತೂಕಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಅಭ್ಯಾಸದ ಗಾಲಿ ಕಾಲು ಕಿಲೋ ಹೆಚ್ಚು ತೂಗಿದರೆ ನಷ್ಟವಿಲ್ಲ. ನಿಮ್ಮ ವಿವರಣೆಯಲ್ಲಿ ಹಿಂದೆ, ಮುಂದೆ 28 ಕಡ್ಡಿ ಎಂದಿತ್ತು. ಒಂದು ಕಡ್ಡಿ ಮುರಿದರೂ ಬ್ರೇಕ್ ಸಡಿಲಿಸಿ ನಿಧಾನವಾಗಿ ಮನೆ ಸೇರಬಹುದು ಎಂಬ ಧೈರ್ಯ ಅದರಿಂದ ಬಂತು. ಕಡ್ಡಿಗಳು ಬಾಗಿದ ತಲೆಯವು ಎಂದಿತ್ತು, ಅಂಥವನ್ನು ನಮ್ಮೂರ ಅಂಗಡಿಯಲ್ಲೇ ಅಳತೆಗೆ ಹುಡುಕಿ ಕೂರಿಸಬಹುದು. ರಿಮ್ಮಿನ ಒಳ ಅಗಲ 19 ಮಿ.ಮೀ. ಎಂದಿತ್ತು. ಅದರ ಮೇಲೆ 28 ಮಿ.ಮೀ. ಅಗಲದ ಟೈರು ಅಗಲವಾಗಿ ಕೂರುತ್ತದೆ, ಗಾಳಿ ಸ್ವಲ್ಪ ಕಡಿಮೆ ಇಟ್ಟರೂ ನಡೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ 'ಸೀಲ್ಡ್ ಕಾರ್ಟ್ರಿಜ್ ಬೇರಿಂಗ್' ಎಂದಿತ್ತು. ಅಂಥ ಬೇರಿಂಗಿನ ಎರಡೂ ಬದಿಗೆ ರಬ್ಬರ್ ಮುಚ್ಚಳ ಇರುತ್ತದೆ, ಮೈಮೇಲೆ ನಂಬರ್ ಇರುತ್ತದೆ. ಸವೆದರೆ ಹಳೆಯದನ್ನು ತಟ್ಟಿ ತೆಗೆದು ಅದೇ ನಂಬರಿನ ಹೊಸದನ್ನು ಕೂರಿಸಿದರೆ ಹಬ್ ಮತ್ತೆ ಹೊಸದಾದಂತೆ. 6001ರಂಥ ನಂಬರಾದರೆ ಮೋಟಾರು ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ನಮ್ಮಂಥವರಿಗೆ ಅಗ್ಗ ಎನ್ನಿಸುವುದು ಹೀಗೆ ಊರಲ್ಲೇ ರಿಪೇರಿ ಆಗುವ ಗಾಲಿ.

ಪೆಟ್ಟಿಗೆ ಬಿಚ್ಚಿದ ದಿನವೇ ಕಡ್ಡಿ ಎಣಿಸಿದೆವು. ಹಿಂದೆ 24, ಮುಂದೆ 20, ಎಲ್ಲವೂ ನೇರ ತಲೆಯವು. ರಿಮ್ಮಿನ ಮೇಲೆ 622×15ಸಿ ಎಂದು ಅಚ್ಚಾಗಿತ್ತು, ಅಂದರೆ ಒಳ ಅಗಲ 15 ಮಿ.ಮೀ. ಅಂದೇ ಫೋಟೊ ಸಮೇತ ನಿಮಗೆ ಬರೆದೆ. 'ಇದು ಸುಧಾರಿಸಿದ ಮಾದರಿ, ಮೊದಲಿನದಕ್ಕಿಂತ ಗಟ್ಟಿ, ಉಳಿದ ವಿವರಗಳೆಲ್ಲ ಜಾಹೀರಾತಿನಲ್ಲಿ ಇರುವಂತೆಯೇ ಇವೆ, ಬಳಸಬಹುದು' ಎಂದು ನಿಮ್ಮ ಸಿಬ್ಬಂದಿ ಇಮೇಲ್ ಕಳುಹಿಸಿದರು. ಅದರ ಪ್ರತಿ ಲಗತ್ತಿಸಿದ್ದೇನೆ. ಆ ಮಾತಿನ ಮೇಲೆ ಗಾಲಿಯನ್ನು ಸೈಕಲ್ಲಿಗೆ ಹಾಕಿದೆವು. ಈಗ ಅದೇ ಸಂಸ್ಥೆ 'ಬಳಸಿದ ವಸ್ತುವನ್ನು ಹಿಂಪಡೆಯುವುದಿಲ್ಲ' ಎನ್ನುತ್ತಿದೆ.

ಹಬ್ ಸದ್ದು ಮಾಡತೊಡಗಿದಾಗ ನಮ್ಮ ಓಣಿಯ ಹಿರಿಯ ಮಿಸ್ತ್ರಿಯವರು ನನ್ನೆದುರೇ ಬಿಚ್ಚಿದರು. ಒಳಗೆ ಕಾರ್ಟ್ರಿಜ್ ಇರಲಿಲ್ಲ. ಬಿಡಿ ಗುಂಡುಗಳು, ಅವು ಉರುಳುವ ಕೋನು, ಅದರ ಮೇಲೆ ತೆಳ್ಳನೆಯ ತಗಡಿನ ಮುಚ್ಚಳ. ರಬ್ಬರ್ ಸೀಲ್ ಎಂಬುದು ಎಲ್ಲಿಯೂ ಇಲ್ಲ. ಗ್ರೀಸು ಕಪ್ಪಾಗಿ ಮರಳು ಮರಳಾಗಿತ್ತು, ಕೋನಿನ ಮೇಲೆ ಕುಳಿ ಬಿದ್ದಿದ್ದವು. 'ಹೊರಗ ನೋಡಾಕ ಚಲೋ ಐತ್ರಿ, ಒಳಗ ಮಾಲ್ ಬ್ಯಾರೇನ ಹಾಕ್ಯಾರ' ಎಂದರು ಅವರು. ಕೋನ್ ಹಬ್ ಎಂದಾಕ್ಷಣ ಅದು ಕಳಪೆ ಎಂದು ನಾನು ಹೇಳುತ್ತಿಲ್ಲ. ಶಿಮಾನೊದಂಥ ಕಂಪನಿ ಇಂದಿಗೂ ಕೋನ್ ಹಬ್ ಮಾಡುತ್ತದೆ. ಸೀಲ್ ಸರಿಯಿದ್ದು, ಕಾಲಕಾಲಕ್ಕೆ ಗ್ರೀಸ್ ಬದಲಿಸಿದರೆ ಅವು ವರ್ಷಗಟ್ಟಲೆ ಬಾಳುತ್ತವೆ. ಆದರೆ ಸೀಲೇ ಇಲ್ಲದ ಹಬ್ಬಿಗೆ ಸೀಲ್ಡ್ ಎಂದು ಹೆಸರಿಟ್ಟು, ಚಳಿಗಾಲದ ಸವಾರಿಗೆಂದು ಮಾರಿ, ಒಳಗೆ ಮಣ್ಣು ಹೋಯಿತೆಂದು ಗ್ರಾಹಕರನ್ನು ದೂರುವುದನ್ನು ಒಪ್ಪಲು ಸಾಧ್ಯವಿಲ್ಲ.

ಕಡ್ಡಿ ಮುರಿದದ್ದು ಇನ್ನೂ ಗಂಭೀರ. ಹಿಂದಿನ ಗಾಲಿಯ ಚೈನ್ ಬದಿಯ ಕಡ್ಡಿಗಳ ಮೇಲೆ ಎಳೆತ ಹೆಚ್ಚು ಇರುತ್ತದೆ, ಮುರಿದದ್ದು ಅದೇ ಬದಿಯದು. 24ರಲ್ಲಿ ಒಂದು ಹೋದರೆ ಗಾಲಿ ಎಷ್ಟು ಔಟ್ ಆಗುತ್ತದೆ, ಅಂದರೆ ಓರೆಯಾಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ರಿಮ್ಮು ಬ್ರೇಕಿಗೆ ಉಜ್ಜಿ ಸೈಕಲ್ ಹೆದ್ದಾರಿಯಲ್ಲೇ ತಡೆದು ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಚಾಲಕ ದೂರದಿಂದಲೇ ನೋಡಿ ವೇಗ ಇಳಿಸಿದ್ದರಿಂದ ಮಗಳು ಅಂಚಿಗೆ ಸರಿದು ಪಾರಾದಳು. ಆ ಮಾತನ್ನು ಅವಳು ಮನೆಯಲ್ಲಿ ಹೇಳುವಾಗ ಅವಳ ತಾಯಿಯ ಮುಖ ನೋಡಲು ನನಗೆ ಆಗಲಿಲ್ಲ. ಆ ನೇರ ತಲೆಯ ಕಡ್ಡಿ ವಿಜಯಪುರದ ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ನಿಮ್ಮನ್ನು ಕೇಳಿದರೆ 'ಬಿಡಿಯಾಗಿ ಮಾರುವುದಿಲ್ಲ' ಎಂದಿರಿ. ಅಭ್ಯಾಸದ ಮುಖ್ಯ ತಿಂಗಳಲ್ಲಿ ಸೈಕಲ್ ಗೋಡೆಗೆ ಒರಗಿ ನಿಂತಿತು, ಕೊನೆಗೆ ಸ್ಪರ್ಧೆಗೆಂದು ಎತ್ತಿಟ್ಟಿದ್ದ ಗಾಲಿಯನ್ನೇ ಮಣ್ಣಿಗೆ ಇಳಿಸಬೇಕಾಯಿತು.

ನಾನು ಯಾವುದಕ್ಕೆ ದೂರುತ್ತಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಜಾಲಿಮುಳ್ಳಿಗೆ ಪಂಕ್ಚರ್ ಆದದ್ದು ನಿಮ್ಮ ತಪ್ಪಲ್ಲ. ರಿಮ್ ಬ್ರೇಕಿನ ಗಾಲಿಯಲ್ಲಿ ಅಲಾಯ್ ಸವೆಯುವುದು ಸಹಜ, ಅದಕ್ಕೆಂದೇ ರಿಮ್ಮಿನ ಬದಿಗೆ ಸವೆತದ ಗೆರೆ ಕೊರೆದಿರುತ್ತಾರೆ. ಆ ಗೆರೆ ಇನ್ನೂ ಮಾಸಿಲ್ಲ. ಪ್ರತಿ ಸವಾರಿಯ ನಂತರ ಮಗಳು ಒದ್ದೆ ಬಟ್ಟೆಯಿಂದ ರಿಮ್ ಒರೆಸಿ, ಬ್ರೇಕ್ ರಬ್ಬರಿನಲ್ಲಿ ಸಿಕ್ಕಿದ ಹರಳನ್ನು ಸೂಜಿಯಿಂದ ಕಿತ್ತು ತೆಗೆಯುತ್ತಾಳೆ. ನೀರಿನ ಪೈಪನ್ನು ಹಬ್ಬಿನ ಕಡೆಗೆ ಒಮ್ಮೆಯೂ ಹಿಡಿದಿಲ್ಲ. 'ನಿರ್ವಹಣೆ ಸರಿಯಿಲ್ಲ' ಎಂದು ನಿಮ್ಮ ಪತ್ರದಲ್ಲಿರುವ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕು.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಾಗಾಗಿ ನನ್ನ ಕೋರಿಕೆ ಇಷ್ಟು. ಎರಡೂ ಗಾಲಿಗಳನ್ನು ನಿಮ್ಮ ಖರ್ಚಿನಲ್ಲಿ ಹಿಂಪಡೆದು ಪೂರ್ತಿ ₹13,800 ಮರಳಿಸಿ. ಬದಲಿ ಗಾಲಿ ಬೇಡ, ಇನ್ನೊಂದು 'ಸುಧಾರಿಸಿದ ಮಾದರಿ'ಯನ್ನು ನಂಬುವ ಸ್ಥಿತಿಯಲ್ಲಿ ನಾವಿಲ್ಲ. ಜೊತೆಗೆ ಆ ಜಾಹೀರಾತಿನಲ್ಲಿ ಹಬ್ ಯಾವ ಬಗೆಯದು, ಕಡ್ಡಿ ಎಷ್ಟು ಮತ್ತು ಯಾವ ತಲೆಯವು, ರಿಮ್ಮಿನ ಒಳ ಅಗಲ ಎಷ್ಟು ಎಂಬುದನ್ನು ಇದ್ದದ್ದು ಇದ್ದಂತೆ ತಿದ್ದಿ ಬರೆಯಿರಿ. ಅದೇ ಗಾಲಿ ಇಂದಿಗೂ ಅದೇ ಹಳೆಯ ವಿವರಣೆಯಲ್ಲಿ ಮಾರಾಟಕ್ಕಿದೆ. ಇಲ್ಲಿ ಇನ್ನೊಬ್ಬ ತಂದೆ ಅದನ್ನು ಓದಿ ದುಡ್ಡು ಕೂಡಿಸುತ್ತಿರಬಹುದು.

ಒಂದು ತಿಂಗಳೊಳಗೆ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಲು ಆ ಕಾಯ್ದೆಯಲ್ಲಿ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಬಿಲ್ಲು, ನಿಮ್ಮ ಜಾಹೀರಾತಿನ ಪ್ರತಿ, ಇಮೇಲ್‌ಗಳು, ಬಿಚ್ಚಿದ ಹಬ್ಬಿನ ಮತ್ತು ಮುರಿದ ಕಡ್ಡಿಯ ಫೋಟೊಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಗಾಲಿಗಳನ್ನು ಬಂದ ಪೆಟ್ಟಿಗೆಯಲ್ಲೇ ಕಟ್ಟಿಟ್ಟಿದೆ. ಕೊರಿಯರ್‌ನವರನ್ನು ಯಾವ ದಿನ ಕಳುಹಿಸುತ್ತೀರಿ ಎಂದು ತಿಳಿಸಿ. ಬೆಳಗ್ಗೆ ಹತ್ತರ ನಂತರ ನಾನು ಅಂಗಡಿಯಲ್ಲೇ ಇರುತ್ತೇನೆ.

ಇಂತಿ,
ವಿಜಯಪುರದ ನಿಮ್ಮ ಗ್ರಾಹಕ