ಮಂಜುಗೆ, ‘ದೆನ್’ ಬಗ್ಗೆ

ಪ್ರೀತಿಯ ಮಂಜು,

ಜಪಾನಿ ಬರಹದ ಕಾಂಜಿ ಅಕ್ಷರಗಳು ತಲೆಗೆ ಹತ್ತುತ್ತಿಲ್ಲ, ಡಿಸೆಂಬರ್‌ನ ಜಪಾನಿ ಪರೀಕ್ಷೆಗೆ ಕೂರೋದೇ ಬೇಡ ಅನ್ಸುತ್ತೆ ಅಂತ ಬರೆದಿದ್ದೀಯ. ಸ್ವಲ್ಪ ತಡಿ ಮಾರಾಯ. ಹುಟ್ಟು, ಬದುಕು ಅನ್ನೋ ಅರ್ಥದ ಆ ಅಕ್ಷರವನ್ನು ಮೊದಲಿಗೇ ಹಿಡಿದು ಕೂತರೆ ಹೇಗೆ? ಸೇ, ಶೋ, ಇ, ಉ, ನಮ ಅಂತ ಅದೊಂದನ್ನೇ ಎಷ್ಟೊಂದು ಥರ ಓದಬೇಕು. ಸದ್ಯಕ್ಕೆ ಅದನ್ನು ಬಿಟ್ಟು ‘ದೆನ್’ ಹಿಡಿ.

ದೆನ್ ಅಂದ್ರೆ ಕರೆಂಟ್. ಮೇಲೆ ಮಳೆ, ಕೆಳಗೆ ಗದ್ದೆಯಂಥ ಚೌಕ, ಅದರಿಂದ ಹೊರಗೆ ಬಂದು ಕೊಂಕಿದ ಒಂದು ಬಾಲ. ಮೊದಲು ಇದು ಮಿಂಚಿನ ಅಕ್ಷರ. ಬಾಲ ಬರೆಯೋದು ಮರೆತರೆ ಗುಡುಗು ಆಗಿಬಿಡುತ್ತೆ, ಹುಷಾರು.

ಕರೆಂಟಿನ ಬಂಡಿ ದೆನ್ಶ, ಅಂದ್ರೆ ರೈಲು. ಕರೆಂಟಿನ ಮಾತು ದೆನ್ವ, ಫೋನು. ಕರೆಂಟಿನ ಕೊಳ ದೆಂಚಿ, ಬ್ಯಾಟರಿ! ಅಕ್ಷರ ಪದದ ಕೊನೆಗೆ ಹೋದರೂ ಸದ್ದು ಬದಲಾಗಲ್ಲ: ಕರೆಂಟ್ ಹೋದರೆ ತೇದೆನ್, ಮೊಬೈಲ್ ಚಾರ್ಜಿಗೆ ಹಾಕಿದರೆ ಜೂದೆನ್, ಫ್ರಿಜ್ಜು ವಾಷಿಂಗ್ ಮಷೀನು ಎಲ್ಲ ಸೇರಿ ಕದೆನ್. ಶೂದೆನ್ ಮಾತ್ರ ಸ್ವಲ್ಪ ಬೇರೆ, ಅಲ್ಲಿ ದೆನ್ ಅಂದ್ರೆ ದೆನ್ಶ, ರಾತ್ರಿಯ ಕಡೇ ರೈಲು. ಟೋಕಿಯೊದಲ್ಲಿ ಅದು ತಪ್ಪಿದರೆ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು.

ಸೆತ್ಸುದೆನ್ ಅಂದ್ರೆ ಕರೆಂಟ್ ಉಳಿಸೋದು. 2011ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ ಆದಮೇಲೆ ಜಪಾನಿನಲ್ಲಿ ಎಲ್ಲರ ಬಾಯಲ್ಲೂ ಇದೇ ಪದ. ದೇಶದ ಪಶ್ಚಿಮ ಭಾಗದಿಂದ ಕರೆಂಟ್ ತರಿಸಬಹುದಿತ್ತಲ್ಲ ಅಂತೀಯಾ? ಬೇಕಾದಷ್ಟು ಆಗಲಿಲ್ಲ. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯ ಯಂತ್ರ ತಂದರು, ಒಸಾಕಾದವರು ಅಮೆರಿಕದ್ದು, ಹಾಗಾಗಿ ಪೂರ್ವದಲ್ಲಿ ಇವತ್ತಿಗೂ ಕರೆಂಟಿನ ಆವರ್ತನ 50 ಹರ್ಟ್ಸ್, ಪಶ್ಚಿಮದಲ್ಲಿ 60, ಎರಡನ್ನೂ ನೇರವಾಗಿ ಜೋಡಿಸೋಕಾಗಲ್ಲ. ನಡುವೆ ಕರೆಂಟನ್ನು ಬದಲಾಯಿಸಿ ಕಳಿಸೋ ಕೇಂದ್ರಗಳಿಗೆ ಆಗ ಅಷ್ಟು ಸಾಮರ್ಥ್ಯ ಇರಲಿಲ್ಲ. ಇಂಥದ್ದು ಗೊತ್ತಿದ್ದರೆ ಪದ ಮರೆಯೋದೇ ಕಷ್ಟ.

ಆದರೆ ಕಿವಿಯನ್ನು ಪೂರ್ತಿ ನಂಬಬೇಡ. ದೆಂತೋ ಅಂದ್ರೆ ವಿದ್ಯುತ್ ದೀಪ, ಸಂಪ್ರದಾಯವೂ ಹೌದು. ದೆಂಕಿ ಅಂದ್ರೆ ವಿದ್ಯುತ್ತು, ಜೀವನಚರಿತ್ರೆಯೂ ಹೌದು. ಸಂಪ್ರದಾಯದಲ್ಲಿ, ಚರಿತ್ರೆಯಲ್ಲಿ ಇರೋ ದೆನ್ ಬೇರೆ ಅಕ್ಷರ, ದಾಟಿಸೋದು ಅಂತ ಅರ್ಥ. ಬರೆದದ್ದನ್ನು ನೋಡಿದರೆ ಗೊಂದಲವೇ ಇಲ್ಲ, ಅದಕ್ಕೇ ನನಗೆ ಕಾಂಜಿ ಮೇಲೆ ಸಿಟ್ಟು ಬರಲ್ಲ.

ಮುಂದೆ ದೆನ್ಶದಲ್ಲಿರೋ ‘ಶ’ ಹಿಡಿ. ಜಿತೆನ್ಶ ಸೈಕಲ್ಲು, ಜಿದೋಶ ಕಾರು, ಚೂಶ ಪಾರ್ಕಿಂಗ್ ಮಾಡೋದು. ಒಂದು ವಾರ ಇವೇ ಸಾಕು. ಅರ್ಜಿ ಹಾಕಿದೆಯೋ ಇಲ್ವೋ, ಅದನ್ನು ಮೊದಲು ಹೇಳು.

ನಿನ್ನ,
ಸತೀಶ